ಥಾಣೆ-ಬೇಲಾಪುರ ರಸ್ತೆ: ಕ್ಯಾಂಟೀನಿನ ಹಿಂಬಾಗಿಲಿನಿಂದ ಕಂಡ ಇತಿಹಾಸ

ಕಳೆದ ದೀಪಾವಳಿಯ ರಜೆಗೆ ಊರಿನಿಂದ ತಂಗಿಯ ಮಗ ಬಂದಿದ್ದ. ಮತ್ಸ್ಯಗಂಧದಲ್ಲಿ ಪನವೇಲಿಗೆ ಬಂದು, ಅಲ್ಲಿಂದ ಲೋಕಲ್ ಹಿಡಿದು ಸೀವುಡ್ಸಿನಲ್ಲಿ ಇಳಿದವನು ಸ್ಟೇಷನ್ನಿನ ತಲೆಯ ಮೇಲೆಯೇ ಮಾಲ್ ಕಟ್ಟಿರುವುದನ್ನು ನೋಡಿ ಬೆರಗಾಗಿ ಬಿಟ್ಟಿದ್ದ. ಸಂಜೆ ಪಾಮ್ ಬೀಚ್ ರಸ್ತೆಯ ಕಡೆಗೆ ತಿರುಗಾಡಲು ಹೋದಾಗ ಕೇಳಿದ: "ಮಾವ, ಮೊದ್ಲ್ ಇಲ್ ಎಂತ ಇದ್ದಿತ್?" ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗ ಉತ್ತರ ಕೊಟ್ಟ: "ಎಂತ ಇಲ್ಲ, ಬರೇ ಚಿಖಲ್." ಚಿಖಲ್ ಅಂದರೆ ಮರಾಠಿಯಲ್ಲಿ ಕೆಸರು.

ಅವನದ್ದು ತಪ್ಪಲ್ಲ. ಅವನು ಕಣ್ಣು ಬಿಡುವ ಹೊತ್ತಿಗೆ ವಾಶಿಗೆ ರೈಲು ಬಂದಾಗಿತ್ತು. ಆದರೆ ಆ "ಎಂತ ಇಲ್ಲ" ಎಂಬ ಮಾತು ನನ್ನನ್ನು ಆ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಏನೂ ಇಲ್ಲದ ಜಾಗಕ್ಕೆ 1976ರಲ್ಲಿ ನಾನು ಯಾಕೆ ಬಂದೆ? ನನ್ನ ಹಾಗೆ ಅಷ್ಟೊಂದು ಹುಡುಗರು ಯಾಕೆ ಬಂದರು? ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿನ ಇತಿಹಾಸವನ್ನು ನಗರ ಯೋಜನೆ ಮಾಡಿದವರ ಕಡೆಯಿಂದ ಹೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಗೊತ್ತಿರುವುದು ಅಡುಗೆಮನೆಯ ಕಡೆಯಿಂದ.

ಮೊದಲನೆಯದಾಗಿ, ಇಲ್ಲಿ ಬರೀ ಕೆಸರು ಇರಲಿಲ್ಲ. ನಮ್ಮ ಸ್ಟೇಷನ್ನಿನ ಪೂರ್ತಿ ಹೆಸರನ್ನು ಒಮ್ಮೆ ಓದಿ ನೋಡಿ: ಸೀವುಡ್ಸ್-ದಾರಾವೆ. ಸೀವುಡ್ಸ್ ಎಂಬುದು ನಿನ್ನೆ ಮೊನ್ನೆಯ ಹೆಸರು, ಎನ್‌ಆರ್‌ಐ ಕಾಲನಿಯ ಕಟ್ಟಡಗಳಿಂದ ಬಂದದ್ದು. ದಾರಾವೆ ಎಂಬುದು ಹಳ್ಳಿ. ಪಕ್ಕದಲ್ಲಿ ಕರಾವೆ, ಆಚೆಗೆ ನೆರೂಲ್, ಶಿರವಣೆ, ತುರ್ಭೆ. ಆಗ್ರಿ ಮತ್ತು ಕೋಳಿ ಜನರ ಊರುಗಳಿವು. ಮಳೆಗಾಲದಲ್ಲಿ ಭತ್ತ, ಬೇಸಗೆಯಲ್ಲಿ ಉಪ್ಪಿನ ಗದ್ದೆ, ವರ್ಷವಿಡೀ ಖಾಡಿಯ ಮೀನು. ಬೇಲಾಪುರದಲ್ಲಿ ಸಿದ್ದಿಗಳು, ಪೋರ್ಚುಗೀಸರು, ಮರಾಠರು ಒಬ್ಬರಾದ ಮೇಲೊಬ್ಬರು ಆಳಿದ ಕೋಟೆಯ ಅವಶೇಷ ಇವತ್ತಿಗೂ ಇದೆ. ನಮ್ಮ ಕುಂದಾಪುರದ ಕಡೆಯ ಹೊಳೆಬದಿಯ ಹಳ್ಳಿಗಳನ್ನು ನೋಡಿದವರಿಗೆ ಈ ಊರುಗಳ ಗುರುತು ಕೂಡಲೇ ಹತ್ತುತ್ತದೆ.

ಎರಡನೆಯದಾಗಿ, ನವಿಮುಂಬಯಿ ಹುಟ್ಟುವ ಮೊದಲೇ ಇಲ್ಲಿ ಕಾರ್ಖಾನೆಗಳಿದ್ದವು. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಮಹಾರಾಷ್ಟ್ರದ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ಎಂಐಡಿಸಿ, ಶುರುವಾದದ್ದು 1962ರಲ್ಲಿ. ಮುಂಬಯಿಯ ಒಳಗೆ ದೊಡ್ಡ ಕಾರ್ಖಾನೆಗಳಿಗೆ ಜಾಗ ಮುಗಿದಿತ್ತು. ಖಾಡಿಯ ಈಚೆಗೆ, ಥಾಣೆಯಿಂದ ಬೇಲಾಪುರದ ತನಕ ಇಪ್ಪತ್ತು ಚಿಲ್ಲರೆ ಕಿಲೋಮೀಟರಿನ ರಸ್ತೆಯ ಉದ್ದಕ್ಕೂ, ಒಂದು ಬದಿಯಲ್ಲಿ ಪಾರಸಿಕ್ ಗುಡ್ಡ, ಇನ್ನೊಂದು ಬದಿಯಲ್ಲಿ ಖಾಡಿ. ಇಲ್ಲಿ ಸುಮಾರು 2,500 ಹೆಕ್ಟೇರಿನ ಕೈಗಾರಿಕಾ ವಲಯವಾಯಿತು. ಟಿಟಿಸಿ ಎಂದು ಇವತ್ತಿಗೂ ಕರೆಯುತ್ತಾರೆ. ಕಳವಾ ಕಡೆಯಿಂದ ಬಂದರೆ ಮುಕುಂದ್ ಉಕ್ಕಿನವರು, ಸೀಮೆನ್ಸ್, ಐರೋಲಿಯಲ್ಲಿ ಭಾರತ್ ಬಿಜಲಿ, ಮುಂದೆ ಬಂದಂತೆ ರಾಸಾಯನಿಕ ಕಾರ್ಖಾನೆಗಳ ಸಾಲು.

ಅದರಲ್ಲಿ ಹಿರಿಯಣ್ಣ ಎಂದರೆ ನೋಸಿಲ್. ಮಫತ್‌ಲಾಲರು ಶೆಲ್ ಕಂಪನಿಯ ಜತೆ ಸೇರಿ 1961ರಲ್ಲಿ ಕಂಪನಿ ಕಟ್ಟಿದರು. 1968ರಲ್ಲಿ ನ್ಯಾಫ್ತಾ ಕ್ರ್ಯಾಕರ್ ಶುರುವಾಯಿತು. ದೇಶದಲ್ಲಿ ಅದಕ್ಕೆ ಮೊದಲು ಇದ್ದದ್ದು ಟ್ರಾಂಬೆಯ ಒಂದು ಸಣ್ಣ ಘಟಕ ಮಾತ್ರ. ಕ್ರ್ಯಾಕರ್ ಅಂದರೆ ಏನು ಎಂದು ಕೇಳುವವರಿಗೆ ಸುಲಭವಾಗಿ ಹೇಳುತ್ತೇನೆ. ಕಚ್ಚಾತೈಲ ಶುದ್ಧೀಕರಿಸುವಾಗ ಸಿಗುವ ನ್ಯಾಫ್ತಾ ಎಂಬ ತೆಳು ಎಣ್ಣೆಯನ್ನು ಹಬೆಯ ಜತೆ ಬೆರೆಸಿ 800 ಡಿಗ್ರಿಗೂ ಮೀರಿದ ಶಾಖಕ್ಕೆ ಒಡ್ಡಿದರೆ ಅದು ಒಡೆದು ಎಥಿಲೀನ್ ಮುಂತಾದ ಅನಿಲಗಳಾಗುತ್ತವೆ. ಎಥಿಲೀನಿನಿಂದ ಪ್ಲಾಸ್ಟಿಕ್. ಪಕ್ಕದಲ್ಲೇ ಮಫತ್‌ಲಾಲ್ ಮತ್ತು ಹೋಕ್ಸ್ಟ್ ಸೇರಿ ಮಾಡಿದ ಪಾಲಿಓಲೆಫಿನ್ಸ್ ಎಂಬ ಕಾರ್ಖಾನೆಯಲ್ಲಿ ಗಟ್ಟಿ ಪ್ಲಾಸ್ಟಿಕ್ ಆಗುತ್ತಿತ್ತು. ಎಪ್ಪತ್ತರ ದಶಕದಲ್ಲಿ ನಮ್ಮ ಊರಿನ ಮನೆಗಳಲ್ಲಿ ತಾಮ್ರದ ಕೊಡಪಾನ ಅಟ್ಟಕ್ಕೇರಿ ಪ್ಲಾಸ್ಟಿಕ್ ಕೊಡ, ಬಕೆಟ್ ಬಂತಲ್ಲ, ಅದು ಹೀಗೆ ಶುರುವಾದ ಕಥೆ. ರಜೆಯಲ್ಲಿ ಊರಿಗೆ ಹೋಗುವಾಗ ನಾವು ಹೊತ್ತುಕೊಂಡು ಹೋಗುತ್ತಿದ್ದದ್ದೂ ಅದನ್ನೇ!

ಈಗ ಇಸವಿ ಲೆಕ್ಕ ಹಾಕಿ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಶ್ ಪಟೇಲ್ ಎಂಬ ಮೂವರು "ಮಾರ್ಗ್" ಪತ್ರಿಕೆಯಲ್ಲಿ ಖಾಡಿಯಾಚೆ ಹೊಸ ನಗರ ಕಟ್ಟಬೇಕೆಂದು ಬರೆದದ್ದು 1965ರಲ್ಲಿ. ಅದನ್ನು ಕಟ್ಟಲು ಸಿಡ್ಕೋ ಸ್ಥಾಪನೆಯಾದದ್ದು 1970ರ ಮಾರ್ಚಿನಲ್ಲಿ. 95 ಹಳ್ಳಿಗಳು, ಸುಮಾರು 344 ಚದರ ಕಿಲೋಮೀಟರ್ ನೆಲ. ವಾಶಿಯ ಸೇತುವೆ ತೆರೆದದ್ದು 1973ರಲ್ಲಿ. ಅಂದರೆ ನಗರ ಕಾಗದದ ಮೇಲಿದ್ದಾಗಲೇ ರಸ್ತೆಯ ಬದಿಯಲ್ಲಿ ಮೂರು ಪಾಳಿ ನಡೆಯುತ್ತಿತ್ತು. ಸೈರನ್ ಆಗುತ್ತಿತ್ತು. ಸಾವಿರಾರು ಜನ ಹಸಿದು ಊಟಕ್ಕೆ ಬರುತ್ತಿದ್ದರು.

ಇಲ್ಲಿಗೇ ನಾವು ಬಂದದ್ದು.

1948ರ ಕಾರ್ಖಾನೆ ಕಾಯ್ದೆಯಲ್ಲಿ 46ನೇ ಕಲಮು ಎಂದು ಒಂದಿತ್ತು. 250ಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಯಲ್ಲಿ ಕ್ಯಾಂಟೀನು ಇಡಿಸುವಂತೆ ನಿಯಮ ಮಾಡುವ ಅಧಿಕಾರವನ್ನು ಅದು ಸರಕಾರಕ್ಕೆ ಕೊಟ್ಟಿತ್ತು. ಲಾಭ ಇಟ್ಟುಕೊಳ್ಳದೆ ಊಟ ಕೊಡಬೇಕು ಎಂಬುದೂ ನಿಯಮದಲ್ಲಿತ್ತು. ಎಂಜಿನಿಯರುಗಳಿಗೆ ರಿಯಾಕ್ಟರ್ ನಡೆಸಲು ಬರುತ್ತಿತ್ತು, ಐನೂರು ಜನರಿಗೆ ಅನ್ನ ಬೇಯಿಸಲು ಬರುತ್ತಿರಲಿಲ್ಲ. ಯಾರಿಗೆ ಬರುತ್ತಿತ್ತೋ ಅವರು ಮುಂಬಯಿಯಲ್ಲಿ ಆಗಲೇ ಇದ್ದರು. ಮಾಟುಂಗ, ಫೋರ್ಟ್, ದಾದರ್‌ಗಳಲ್ಲಿ ಉಡುಪಿ ಹೋಟೇಲು ನಡೆಸಿ ಪಳಗಿದ ನಮ್ಮ ದಕ್ಷಿಣ ಕನ್ನಡದವರು. ಹೋಟೇಲು ಹಾಕಲು ಬಂಡವಾಳ ಬೇಕು, ಜಾಗಕ್ಕೆ ಪಗಡಿ ಬೇಕು. ಕ್ಯಾಂಟೀನಿಗೆ ಅದು ಬೇಡ. ಕಟ್ಟಡ, ನೀರು, ಗ್ಯಾಸು ಕಂಪನಿಯದು. ತಿಂಗಳಾದರೆ ಬಿಲ್ಲಿನ ಹಣ ಬರುತ್ತದೆ. ಬೇಕಾದದ್ದು ಮೂರೇ: ಬೆಳಗ್ಗೆ ನಾಲ್ಕಕ್ಕೆ ಏಳುವ ಅಭ್ಯಾಸ, ಒಬ್ಬ ಒಳ್ಳೆಯ ಅಡುಗೆ ಭಟ್ಟರು, ಮತ್ತು ಊರಿನಿಂದ ತರಿಸಿದ ಹುಡುಗರು. ಮೂರನೆಯ ಸಾಮಾನಿನಲ್ಲಿ ನಾನೂ ಒಬ್ಬ.

ಎಸ್ಸೆಸ್ಸೆಲ್ಸಿ ಫೇಲಾಗಿತ್ತು. ಅಪ್ಪನಿಗೆ ಪರಿಚಯದ ಶೆಟ್ರೊಬ್ಬರು ಈ ರಸ್ತೆಯಲ್ಲಿ ಕ್ಯಾಂಟೀನು ಹಿಡಿದಿದ್ದರು. ಹದಿನಾರು ವರ್ಷಕ್ಕೆ ಬಸ್ಸು ಹತ್ತಿದೆ. ಥಾಣೆಯಲ್ಲಿ ಇಳಿದು ಕಳವಾ ದಾಟುವಾಗ ರಾತ್ರಿಯಾಗಿತ್ತು. ದೂರದಲ್ಲಿ ಎತ್ತರದ ಕೊಳವೆಯ ತುದಿಯಲ್ಲಿ ಬೆಂಕಿ ಉರಿಯುತ್ತಿತ್ತು. ನಾನು ಯಾವುದೋ ಜಾತ್ರೆಯ ದೀಪಸ್ತಂಭ ಎಂದುಕೊಂಡೆ. ಮಿಕ್ಕಿದ ಅನಿಲವನ್ನು ಸುಡುವ ಚಿಮಣಿ ಅದು ಎಂದು ಆಮೇಲೆ ತಿಳಿಯಿತು. ಮುಂದೆ ವರ್ಷಗಟ್ಟಲೆ ರಾತ್ರಿ ಬಸ್ಸಿನಲ್ಲಿ ಬರುವಾಗ ಆ ಬೆಂಕಿ ಕಂಡರೆ "ಬಂತು, ಇಳಿಯಲು ತಯಾರಾಗು" ಎಂದು ಅರ್ಥ.

ಕ್ಯಾಂಟೀನಿನ ದಿನ ಹೀಗಿತ್ತು. ಏಳು ಗಂಟೆಗೆ ಬೆಳಗಿನ ಪಾಳಿ, ಮೂರಕ್ಕೆ ಎರಡನೆಯದು, ಹನ್ನೊಂದಕ್ಕೆ ರಾತ್ರಿಯದು. ರಾತ್ರಿ ಪಾಳಿ ಬಿಡುವವರಿಗೂ ಬೆಳಗಿನ ಪಾಳಿಗೆ ಬರುವವರಿಗೂ ಒಟ್ಟಿಗೆ ಚಾ ತಿಂಡಿ ಆಗಬೇಕು. ನಾಲ್ಕಕ್ಕೆ ಎದ್ದು ಇಡ್ಲಿಯ ಹಬೆ ಏರಿಸುವುದು, ಹತ್ತಕ್ಕೆ ಡಿಪಾರ್ಟ್‌ಮೆಂಟುಗಳಿಗೆ ಕೆಟಲಿನಲ್ಲಿ ಚಾ ಹೊರುವುದು, ಹನ್ನೊಂದೂವರೆಯಿಂದ ಊಟ. ಹೊಸಬನಾದ್ದರಿಂದ ನಾನು ಮೊದಲ ಆರು ತಿಂಗಳು ಮೋರಿಯಲ್ಲಿ, ಅಂದರೆ ಪಾತ್ರೆ ತೊಳೆಯುವಲ್ಲಿ. ಮಲಗುವುದು ಸ್ಟೋರಿನಲ್ಲಿ, ಅಕ್ಕಿ ಚೀಲಗಳ ಮೇಲೆ. ಕಂಪನಿಯ ಮರಾಠಿ ಕೆಲಸಗಾರರು ಮೊದಮೊದಲು ನಮ್ಮ ಸಾಂಬಾರಿಗೆ ಮೂಗು ಮುರಿಯುತ್ತಿದ್ದರಂತೆ. ಭಟ್ರು ವಾರಕ್ಕೆರಡು ಸಲ ಉಸಳ್ ಮಾಡಲು ಕಲಿತರು, ಅವರು ಇಡ್ಲಿಗೆ ಒಗ್ಗಿಕೊಂಡರು. ಕಡೆಗೆ ಇಡ್ಲಿಯನ್ನೇ ಉಸಳಿಗೆ ಅದ್ದಿ ತಿನ್ನುವ ಹೊಸ ಪದ್ಧತಿಯೊಂದು ನಮ್ಮಲ್ಲಿ ಹುಟ್ಟಿತು. ಅದನ್ನು ಯಾವ ಹೋಟೇಲಿನಲ್ಲೂ ನಾನು ಕಂಡಿಲ್ಲ.

ನಮ್ಮಲ್ಲಿ ಊಟಕ್ಕೆ ಬರುತ್ತಿದ್ದ ಒಬ್ಬ ಹೆಲ್ಪರ್ ಇಲ್ಲಿನ ಹಳ್ಳಿಯವನೇ, ಆಗ್ರಿ. ಕ್ಯಾಂಟೀನು ಕಟ್ಟಿದ ಜಾಗ ತನ್ನ ಅಜ್ಜನ ಭತ್ತದ ಗದ್ದೆ ಎಂದು ಹೇಳುತ್ತಿದ್ದ. "ನನ್ನ ಗದ್ದೆಯಲ್ಲೇ ಕೂತು, ಕೂಪನ್ ಕೊಟ್ಟು ಅನ್ನ ಉಣ್ಣುತ್ತಿದ್ದೇನೆ ನೋಡು" ಎಂದು ನಗುತ್ತಿದ್ದ. ಆಗ ನಾನೂ ನಗುತ್ತಿದ್ದೆ. ಅದರ ಅರ್ಥ ನನಗೆ ಆದದ್ದು 1984ರ ಜನವರಿಯಲ್ಲಿ. ಸಿಡ್ಕೋ ತೆಗೆದುಕೊಂಡ ಜಮೀನಿಗೆ ನ್ಯಾಯವಾದ ಬೆಲೆ ಬೇಕೆಂದು ದಿ. ಬಾ. ಪಾಟೀಲರ ಮುಂದಾಳತ್ವದಲ್ಲಿ ಉರಣ್ ಕಡೆಯ ಜಾಸಯಿಯಲ್ಲಿ ರೈತರು ಸೇರಿದರು. ಪೊಲೀಸರ ಗುಂಡಿಗೆ ಎರಡು ದಿನಗಳಲ್ಲಿ ಐದು ಜನ ಸತ್ತರು. ಅಭಿವೃದ್ಧಿಪಡಿಸಿದ ಜಾಗದಲ್ಲಿ ಶೇಕಡಾ 12.5ರಷ್ಟನ್ನು ಮೂಲ ರೈತರಿಗೇ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದ ಫಲವಾಗಿ, 1990ರ ನಂತರ. ಇವತ್ತು ನಾವು ಸೀವುಡ್ಸಿನಲ್ಲಿ, ನೆರೂಲಿನಲ್ಲಿ ಫ್ಲ್ಯಾಟು ಕೊಳ್ಳುವಾಗ "ಸಾಡೇ ಬಾರಾ ಟಕ್ಕೆ ಪ್ಲಾಟು" ಎಂದು ದಲ್ಲಾಲಿ ಹೇಳುತ್ತಾನಲ್ಲ, ಆ ಮಾತಿನ ಹಿಂದೆ ಐದು ಹೆಣಗಳಿವೆ.

ಅದೇ ವರ್ಷ ಡಿಸೆಂಬರಿನಲ್ಲಿ ಭೋಪಾಲ ಆಯಿತು. ಆ ವಾರ ನಮ್ಮ ರಸ್ತೆಯಲ್ಲಿ ನಗು ಇರಲಿಲ್ಲ. ಅದುವರೆಗೆ ಮೂಗಿಗೆ ಬಂದ ವಾಸನೆಯಿಂದ "ಇದು ಇಂಥ ಕಂಪನಿಯದು" ಎಂದು ಹೇಳುವುದೇ ನಮಗೊಂದು ಆಟವಾಗಿತ್ತು. ಆಮೇಲೆ ಯಾರೂ ಆ ಆಟ ಆಡಲಿಲ್ಲ.

ನಡುವೆ ನನ್ನ ದಾರಿ ಬದಲಾಗಿತ್ತು. ಮುಂಬಯಿಯಲ್ಲಿ ಹೋಟೇಲು ಹುಡುಗರಿಗಾಗಿ ಮೊಗವೀರ, ಬಂಟ, ಬಿಲ್ಲವ ಸಂಘಗಳು ನಡೆಸುತ್ತಿದ್ದ ಕನ್ನಡ ರಾತ್ರಿಶಾಲೆಗಳ ಬಗ್ಗೆ ನೀವು ಕೇಳಿರುತ್ತೀರಿ. ಅಲ್ಲಿ ಕಲಿತು ವಕೀಲರು, ಬ್ಯಾಂಕಿನವರು ಆದವರು ಎಷ್ಟೋ ಜನ. ಆದರೆ ಅವೆಲ್ಲ ಖಾಡಿಯ ಆಚೆಗೆ. ಈಚೆಗೆ ರೈಲಿಲ್ಲ, ರಾತ್ರಿ ಬಸ್ಸಿಲ್ಲ. ನಮ್ಮ ಕ್ಯಾಂಟೀನಿನ ಹುಡುಗರಿಗೆ ಆ ಬಾಗಿಲು ತೆರೆಯಲೇ ಇಲ್ಲ. ನನ್ನ ಅದೃಷ್ಟ, ಟೈಮ್ ಆಫೀಸಿನ ಒಬ್ಬ ಮರಾಠಿ ಗುಮಾಸ್ತರು ಚಾ ತರುವ ಹುಡುಗನ ಕೈಬರಹ ನೋಡಿ ಮೆಚ್ಚಿದರು. ಅವರೇ ಫೀಸು ಕಟ್ಟಿ ಥಾಣೆಯಲ್ಲಿ ಟೈಪಿಂಗ್ ಕ್ಲಾಸಿಗೆ ಸೇರಿಸಿದರು. ಮರುವರ್ಷ ಪರೀಕ್ಷೆ ಪಾಸಾಯಿತು. 1981ರಲ್ಲಿ ಇದೇ ರಸ್ತೆಯ ಬೇರೊಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನೌಕರಿ ಸಿಕ್ಕಿತು. ಕೂಪನ್ ಹರಿಯುವ ಕಡೆಯಿಂದ ಕೂಪನ್ ಕೊಡುವ ಕಡೆಗೆ ಬಂದೆ.

ಆ ಹತ್ತು ಹದಿನೈದು ವರ್ಷಗಳಲ್ಲಿ ನಮ್ಮವರ ವ್ಯಾಪಾರ ಬೆಳೆದ ಬಗೆಯನ್ನು ಕಣ್ಣಾರೆ ನೋಡಿದೆ. ಒಂದು ಕ್ಯಾಂಟೀನು ಎರಡಾಗುವುದು, ಎರಡರ ಉಳಿತಾಯದಲ್ಲಿ ವಾಶಿಯಲ್ಲೋ ತುರ್ಭೆಯಲ್ಲೋ ಒಂದು ಹೋಟೇಲು. ಮಸೀದಿ ಬಂದರಿನ ಸಗಟು ಮಾರುಕಟ್ಟೆಗಳು ಖಾಡಿ ದಾಟಿದವು: 1981ರಲ್ಲಿ ಈರುಳ್ಳಿ ಬಟಾಟೆ, ತೊಂಬತ್ತರ ಆರಂಭದಲ್ಲಿ ಮಸಾಲೆ ಮತ್ತು ಧಾನ್ಯ. ಹಣ್ಣು ತರಕಾರಿಯದು 1996ರಲ್ಲಿ ಬಂತು. ಮಾಥಾಡಿ ಕೆಲಸಗಾರರಿಗೆ, ಲಾರಿಯವರಿಗೆ ಬೆಳಗಿನ ಜಾವ ಮೂರಕ್ಕೆ ಚಾ ಕೊಡುವವರು ಬೇಕಿತ್ತು. ನಮ್ಮವರಿಗೆ ಆ ಹೊತ್ತು ಹೊಸತಲ್ಲ. 1992ರ ಜನವರಿಯಲ್ಲಿ ಮಹಾನಗರಪಾಲಿಕೆ ಬಂತು, ಮೇ ತಿಂಗಳಲ್ಲಿ ಮಾನ್‌ಖುರ್ದಿನಿಂದ ವಾಶಿಗೆ ರೈಲು ಬಂತು, ಮರುವರ್ಷ ಅದು ಬೇಲಾಪುರ ಮುಟ್ಟಿತು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದಾಗ ಊರೇ ಹತ್ತಿರ ಬಂದ ಹಾಗಾಯಿತು. ಅದರ ಮುಖ್ಯ ಕಚೇರಿ ಇರುವುದೂ ನಮ್ಮ ಬೇಲಾಪುರದಲ್ಲೇ. ಘನ್ಸೋಲಿಯಲ್ಲಿ ಮೂಕಾಂಬಿಕೆ, ನೆರೂಲಿನಲ್ಲಿ ಶನೀಶ್ವರ, ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳ, ಕನ್ನಡ ಸಂಘದ ಕಾರ್ಯಕ್ರಮ. ಎಲ್ಲವೂ ಆಯಿತು. ಈ ಎಲ್ಲದರ ತಳಪಾಯದಲ್ಲಿ ಕ್ಯಾಂಟೀನಿನ ಇಡ್ಲಿ ಇದೆ ಎಂದರೆ ಅತಿಶಯೋಕ್ತಿಯಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕನ್ನಡಿಗರು ಎಂದರೆ ನಾವಷ್ಟೇ ಅಲ್ಲ. ತುರ್ಭೆ, ಶಿರವಣೆಯ ಗುಡ್ಡದ ಕಲ್ಲು ಕ್ವಾರಿಗಳಲ್ಲಿ, ಸಿಡ್ಕೋ ಕಟ್ಟಡಗಳ ಗಾರೆ ಕೆಲಸದಲ್ಲಿ ಗುಲ್ಬರ್ಗ, ವಿಜಾಪುರದ ಕಡೆಯವರು ಇದ್ದರು, ಈಗಲೂ ಇದ್ದಾರೆ. ಈ ನಗರದ ಕಲ್ಲು ಒಡೆದವರು ಅವರು. ಭಾನುವಾರ ಪೇಟೆಯಲ್ಲಿ "ಯಾಕ್ರೀ ಅಣ್ಣಾರ, ಆರಾಮದೀರೇನ್ರಿ" ಎಂದು ಮಾತಾಡಿಸುತ್ತಿದ್ದರು. ನಾವು ಎರಡು ಮಾತಾಡಿ ಮುಂದೆ ಹೋಗುತ್ತಿದ್ದೆವು. ನಮ್ಮ ಸಂಘಗಳ ಕುರ್ಚಿಗಳಲ್ಲಿ ಅವರು ಕೂತದ್ದನ್ನು ನಾನು ಬಹಳ ವರ್ಷ ಕಾಣಲಿಲ್ಲ.

ಇನ್ನು ಇಳಿಗಾಲದ ಕಥೆ. 1991ರ ನಂತರ ಆಮದು ಸುಂಕ ಇಳಿಯುತ್ತಾ ಬಂತು. ನೋಸಿಲ್ಲಿನ ಕ್ರ್ಯಾಕರಿನ ಸಾಮರ್ಥ್ಯ ಶುರುವಿನಲ್ಲಿ ವರ್ಷಕ್ಕೆ ಸುಮಾರು 60,000 ಟನ್ ಎಥಿಲೀನ್. 1997ರಲ್ಲಿ ರಿಲಯನ್ಸ್‌ನವರು ಗುಜರಾತಿನ ಹಜೀರಾದಲ್ಲಿ ಶುರುಮಾಡಿದ್ದು ಏಳೂವರೆ ಲಕ್ಷ ಟನ್ನಿನದ್ದು. ಹತ್ತಿಪ್ಪತ್ತು ಕೊಪ್ಪರಿಗೆ ಅನ್ನ ಬೇಯಿಸುವವನ ಎದುರು ಸಣ್ಣ ಪಾತ್ರೆಯವನು ಎಷ್ಟು ದಿನ ನಿಂತಾನು? ಅದರ ಮೇಲೆ, ಯಂತ್ರಕ್ಕಿಂತ ಯಂತ್ರದ ಅಡಿಯ ನೆಲಕ್ಕೆ ಬೆಲೆ ಹೆಚ್ಚಾಯಿತು. ಒಂದೊಂದೇ ಗೇಟು ಮುಚ್ಚಿತು. ಆಕಾಶದ ಆ ಬೆಂಕಿಯೂ ಒಂದು ದಿನ ಆರಿತು. ನೋಸಿಲ್ ಎಂಬ ಹೆಸರು ಈಗಲೂ ಇದೆ, ಆದರೆ ಅದು ರಬ್ಬರಿಗೆ ಬೇಕಾದ ರಾಸಾಯನಿಕಗಳ ಕಂಪನಿ. ಐರೋಲಿ, ಮಹಾಪೆ, ಘನ್ಸೋಲಿಯ ಕಡೆ ಈಗ ಗಾಜಿನ ಕಟ್ಟಡಗಳು, ಕೊರಳಿಗೆ ಪಟ್ಟಿ ಹಾಕಿದ ಹುಡುಗ ಹುಡುಗಿಯರು.

ನಮ್ಮ ಕಾರ್ಖಾನೆ ಮುಚ್ಚಿದ್ದು 1999ರಲ್ಲಿ. ಕೆಲಸಗಾರರಿಗೆ ವಿಆರ್‌ಎಸ್ ಎಂದಾಯಿತು. ಸೇವೆಯ ವರ್ಷ, ಪಗಾರ, ಗ್ರಾಚ್ಯುಟಿ ಎಲ್ಲ ಲೆಕ್ಕ ಹಾಕಿ ಪಟ್ಟಿ ಮಾಡುವ ಕೆಲಸ ಟೈಮ್ ಆಫೀಸಿನದು, ಅಂದರೆ ನನ್ನದು. ಮಸ್ಟರ್ ಪುಸ್ತಕ ಎದುರಿಗಿಟ್ಟುಕೊಂಡು ಮೂರು ರಾತ್ರಿ ಟೈಪು ಮಾಡಿದೆ. ಮೂರನೇ ರಾತ್ರಿ ಚಾ ತಂದಿಟ್ಟ ಹುಡುಗ, ಹುಡುಗ ಅನ್ನುವುದು ಅಭ್ಯಾಸಬಲ, ಅವನಿಗೆ ನಲ್ವತ್ತು ದಾಟಿತ್ತು, ಮೆಲ್ಲನೆ ಕೇಳಿದ: "ಅಣ್ಣ, ಪಟ್ಟಿಯಲ್ಲಿ ನಮ್ಮ ಹೆಸರು ಎಷ್ಟನೇ ಪುಟದಲ್ಲಿ?"

ಯಾವ ಪುಟದಲ್ಲೂ ಇರಲಿಲ್ಲ. ಆ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ಜನ ಇದ್ದರು. ಕೆಲವರು ಇಪ್ಪತ್ತು ವರ್ಷ ಅಲ್ಲೇ ಬೆಳಗು ಮಾಡಿದವರು. ನಡುವೆ ಕಂಟ್ರಾಕ್ಟರು ಮೂರು ಸಲ ಬದಲಾಗಿದ್ದರು, ಹುಡುಗರು ಅವರೇ. ಕಂಪನಿಯ ಲೆಕ್ಕದಲ್ಲಿ ಅವರು ಕಂಟ್ರಾಕ್ಟರಿನವರು. ಕಂಟ್ರಾಕ್ಟರಿನ ಲೆಕ್ಕದಲ್ಲಿ ಕೆಲಸ ಮುಗಿಯಿತು. ಒಂದು ತಿಂಗಳ ಪಗಾರ ಸಿಕ್ಕಿತು, ಮತ್ತು ಯಾರೂ ಬೇಡವೆಂದ ಸ್ಟೀಲಿನ ತಟ್ಟೆಗಳು.

ಕಾನೂನು ಏನು ಹೇಳುತ್ತಿತ್ತು ಎಂದು ಕೇಳುತ್ತೀರಾ? ಅದೇ 1999ರಲ್ಲಿ ಇಂಡಿಯನ್ ಪೆಟ್ರೋಕೆಮಿಕಲ್ಸ್ ಕಂಪನಿಯ ಕ್ಯಾಂಟೀನಿನವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕಾಯ್ದೆಯ ಪ್ರಕಾರ ಇರಲೇಬೇಕಾದ ಕ್ಯಾಂಟೀನಿನಲ್ಲಿ ದುಡಿಯುವವರು ಕಾರ್ಖಾನೆ ಕಾಯ್ದೆಯ ಮಟ್ಟಿಗೆ ಆ ಕಾರ್ಖಾನೆಯ ಕೆಲಸಗಾರರೇ, ಆದರೆ ಉಳಿದೆಲ್ಲ ವಿಷಯಗಳಿಗೆ ಹಾಗೆ ಎನ್ನಲಾಗದು ಎಂದಿತು. ಆ ಮೊಕದ್ದಮೆಯಲ್ಲಿ ಕಂಪನಿಯ ಹಿಡಿತ ಎಷ್ಟಿತ್ತು ಎಂಬುದನ್ನು ನೋಡಿ ಕೆಲಸಗಾರರ ಪರವಾಗಿಯೇ ಆದೇಶವಾಯಿತು. ಯೂನಿಯನ್ ಇದ್ದವರು ಕೋರ್ಟಿಗೆ ಹೋದರು, ಪಡೆದರು. ನಮ್ಮ ಹುಡುಗರಿಗೆ ಯೂನಿಯನ್ ಇರಲಿಲ್ಲ. ಅವರಿಗೆ ಇದ್ದವನು ನಾನೊಬ್ಬ. ಒಂದು ಕಾಲದಲ್ಲಿ ಅವರಂತೆಯೇ ಅಕ್ಕಿ ಚೀಲದ ಮೇಲೆ ಮಲಗಿದವನು. ಒಂದು ಅರ್ಜಿಯನ್ನಾದರೂ ಟೈಪು ಮಾಡಿ ಕೊಡಬಹುದಿತ್ತು. ನನ್ನ ವಿಆರ್‌ಎಸ್ ಚೆಕ್ಕು ಬರುವುದಿತ್ತು. ಮಗ ಶಾಲೆಯಲ್ಲಿದ್ದ, ಸೀವುಡ್ಸಿನ ಮನೆಯ ಸಾಲ ಇತ್ತು. ಟೈಪು ಮಾಡಲಿಲ್ಲ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಕೈಗಾರಿಕಾ ಪರಂಪರೆ ಎಂದು ಈಗ ಜನ ಮಾತಾಡುತ್ತಾರೆ. ಮುಂಬಯಿಯ ಗಿರಣಿಗಳ ಬಗ್ಗೆ ಪುಸ್ತಕ, ನಾಟಕ, ಸಿನೆಮಾ ಬಂದಿವೆ, 1982ರ ಮುಷ್ಕರವನ್ನು ಎಲ್ಲರೂ ನೆನೆಯುತ್ತಾರೆ. ಥಾಣೆ-ಬೇಲಾಪುರ ರಸ್ತೆಯ ನೆನಪು ಯಾರಿಗೆ ಬೇಕು? ಇಲ್ಲಿ ಚಂದದ ಕಲ್ಲಿನ ಕಟ್ಟಡವಿಲ್ಲ, ಹಂಚಿನ ಮಾಡಿಲ್ಲ. ಇದ್ದದ್ದು ಕೊಳವೆ ಮತ್ತು ಟ್ಯಾಂಕು, ಗುಜರಿಗೆ ಹೋದವು. ಈಗ ಖಾಡಿಗೆ ಫ್ಲೆಮಿಂಗೋ ಹಕ್ಕಿಗಳು ಬರುತ್ತವೆ, 2022ರಲ್ಲಿ ಥಾಣೆ ಖಾಡಿಗೆ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಸಂತೋಷವೇ. 2025ರ ಅಕ್ಟೋಬರಿನಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆಯೂ ಆಯಿತು. ಇನ್ನು ಹತ್ತು ವರ್ಷ ಕಳೆದರೆ "ಇಲ್ಲಿ ಮೊದಲು ಏನಿತ್ತು" ಎಂದು ಕೇಳುವವರೂ ಇರುವುದಿಲ್ಲ.

ನಮ್ಮ ಸಂಘಗಳು ಬೆಳ್ಳಿಹಬ್ಬ, ಸುವರ್ಣ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತವೆ. ದಾನಿಗಳ ಬಣ್ಣದ ಫೋಟೋ ಇರುತ್ತದೆ. ಇರಲಿ, ಅವರೂ ಕಷ್ಟಪಟ್ಟೇ ಮೇಲೆ ಬಂದವರು. ಆದರೆ ಅದರಲ್ಲಿ ನಾಲ್ಕು ಪುಟ ಕ್ಯಾಂಟೀನಿನ ಹುಡುಗರಿಗೆ, ನಾಲ್ಕು ಪುಟ ಕ್ವಾರಿಯ ಅಣ್ಣಂದಿರಿಗೆ ಇಡಬಾರದೇ? ಹಳೆಯ ಕೂಪನ್, ಗೇಟ್‌ಪಾಸು, ಒಂದು ಗುಂಪು ಫೋಟೋ, ಯಾರ ಟ್ರಂಕಿನಲ್ಲಾದರೂ ಇದ್ದೀತು. ಇಲ್ಲವಾದರೆ ನಮ್ಮ ಮಕ್ಕಳು "ಬರೇ ಚಿಖಲ್" ಎಂದು ಹೇಳುವುದರಲ್ಲಿ ತಪ್ಪೇನಿದೆ?

ತಂಗಿಯ ಮಗ ಊರಿಗೆ ಹೊರಟ ಮರುದಿನ ಒಂದು ಹಾಳೆ ತೆಗೆದುಕೊಂಡು ಕೂತೆ. ಆ ಹತ್ತೊಂಬತ್ತು ಜನರ ಹೆಸರನ್ನು ಅವರವರ ಊರಿನೊಂದಿಗೆ ಬರೆಯತೊಡಗಿದೆ. ಬೈಂದೂರು, ಹೆಬ್ರಿ, ಕಾರ್ಕಳ, ಬೆಳ್ಮಣ್ಣು... ಹದಿನಾಲ್ಕು ನೆನಪಾದವು. ಐದು ಬರಲಿಲ್ಲ. ಮುಖ ಕಾಣುತ್ತದೆ, ಚಾ ಇಡುವ ಕೈ ಕಾಣುತ್ತದೆ, ಹೆಸರು ಬರುವುದಿಲ್ಲ. ಈ ರಸ್ತೆಯ ಯಾವುದಾದರೂ ಕ್ಯಾಂಟೀನಿನಲ್ಲಿ ದುಡಿದವರು ನಿಮ್ಮ ಮನೆಯಲ್ಲಿ, ನೆರೆಕರೆಯಲ್ಲಿ ಇದ್ದರೆ ಅವರನ್ನು ಮಾತಾಡಿಸಿ, ಬರೆದಿಡಿ. ನನ್ನ ಹಾಳೆಯಲ್ಲಿ ಐದು ಗೆರೆ ಖಾಲಿ ಬಿಟ್ಟಿದ್ದೇನೆ.